ಕೈಬಿಟ್ಟವರ ಪಟ್ಟಿಯಲ್ಲಿ ಕಾರ್ಲೋಸ್ ಮೊರಾಯ್ಸ್

2013ರ ಆಗಸ್ಟ್ ಕೊನೆಯಲ್ಲಿ ಐವರಿ ಕೋಸ್ಟ್ ದೇಶದ ಅಬಿಜಾನ್ ನಗರದಲ್ಲಿ ಆಫ್ರೋಬಾಸ್ಕೆಟ್ ಫೈನಲ್ ನಡೆಯಿತು. ಆಫ್ರೋಬಾಸ್ಕೆಟ್ ಅಂದರೆ ಆಫ್ರಿಕಾ ಖಂಡದ ದೇಶಗಳ ಬಾಸ್ಕೆಟ್‌ಬಾಲ್ ಚಾಂಪಿಯನ್‌ಶಿಪ್. ಅಂಗೋಲಾ 57, ಈಜಿಪ್ಟ್ 40. ಇಡೀ ಟೂರ್ನಿಯ ಅತ್ಯುತ್ತಮ ಆಟಗಾರ ಎಂಬ ಪ್ರಶಸ್ತಿ ಅಂಗೋಲಾದ ಕಾರ್ಲೋಸ್ ಮೊರಾಯ್ಸ್‌ಗೆ ಬಂತು. ಆಗ ಆತನಿಗೆ 27 ವರ್ಷ. ಮುಂದಿನ ತಿಂಗಳೇ ಎನ್‌ಬಿಎಯ ಟೊರಾಂಟೊ ರಾಪ್ಟರ್ಸ್ ತಂಡ ಆತನನ್ನು ತರಬೇತಿ ಶಿಬಿರಕ್ಕೆ ಕರೆಸಿಕೊಂಡಿತು. ಅಕ್ಟೋಬರಿನಲ್ಲಿ, ಸೀಸನ್ ಶುರುವಾಗುವ ಮೊದಲೇ, ಕೈಬಿಟ್ಟಿತು.

ಇಂಗ್ಲಿಷಿನಲ್ಲಿ ಈ ಮನುಷ್ಯನ ಬಗ್ಗೆ ಏನೇ ಓದಿ, ಈ ಕೆಲವು ವಾರಗಳ ಪ್ರಸ್ತಾಪ ಇಲ್ಲದೆ ಮುಗಿಯುವುದಿಲ್ಲ. "ಎನ್‌ಬಿಎ ಬಾಗಿಲವರೆಗೆ ಹೋಗಿ ಬಂದವನು" ಅನ್ನೋ ಧಾಟಿ. ಅದಕ್ಕೆ ಮುಂಚಿನದ್ದೆಲ್ಲ ಆ ಬಾಗಿಲಿಗೆ ಹೋಗುವ ದಾರಿ, ಆಮೇಲಿನದ್ದೆಲ್ಲ ವಾಪಸ್ ಬರುವ ದಾರಿ. ಎರಡು ದಶಕದ ಹತ್ತಿರ ಆಡಿದ ಒಬ್ಬ ಆಟಗಾರನ ಬದುಕನ್ನು ಹೀಗೆ ಓದುವುದು ಸರಿಯಾ? ಸರಿಯಲ್ಲ ಅಂತ ನನಗೆ ಅನ್ನಿಸಿದೆ. ಅದು ಯಾಕೆ ಅಂತ ಹೇಳೋದಕ್ಕೇ ಈ ಬರಹ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡ್ತೀನಿ. ನಾನು ಆಫ್ರಿಕಾದ ಬಾಸ್ಕೆಟ್‌ಬಾಲ್ ನೋಡಲು ಕೂತಿದ್ದು ಆಫ್ರಿಕಾದ ಆಟಗಾರರಿಗಾಗಿ ಅಲ್ಲ. 2021ರ ಮೇ ತಿಂಗಳು, ಎರಡನೇ ಅಲೆ, ಲಾಕ್‌ಡೌನ್. ಬೆಂಗಳೂರಿನ ರೂಮು ಖಾಲಿ ಮಾಡಿ ಊರಿಗೆ ಹೋಗಿದ್ದೆ. ಮನೆಯೊಳಗೆ ನೆಟ್‌ವರ್ಕ್ ಸಿಗದೆ ರಾತ್ರಿ ತಾರಸಿ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಕೆಲಸ. ಆಗ ಹಾಸ್ಟೆಲ್ ಕಾಲದ ಗೆಳೆಯನೊಬ್ಬ ಗ್ರೂಪಿನಲ್ಲಿ ಮೆಸೇಜ್ ಹಾಕಿದ: "ಜೆ. ಕೋಲ್ ರುವಾಂಡಾದಲ್ಲಿ ಬಾಸ್ಕೆಟ್‌ಬಾಲ್ ಆಡ್ತಿದಾನಂತೆ ಕಣ್ರೋ!" ಜೆ. ಕೋಲ್ ಅಂದರೆ ಅಮೆರಿಕದ ರ‍್ಯಾಪರ್. ಹಾಸ್ಟೆಲಿನಲ್ಲಿ ನಾವು ಆತನ ಹಾಡು ಕೇಳಿ ಬೆಳೆದವರು. ಕಿಗಾಲಿ ನಗರ ನಮಗಿಂತ ಮೂರೂವರೆ ಗಂಟೆ ಹಿಂದೆ. ಅವರ ಸಂಜೆಯ ಪಂದ್ಯ ನಮಗೆ ಊಟ ಮುಗಿಯೋ ಹೊತ್ತಿಗೆ ಬರುತ್ತದೆ. ನೋಡೋಣ ಅಂತ ಹಾಕಿದೆ.

ಅದು ಬಾಸ್ಕೆಟ್‌ಬಾಲ್ ಆಫ್ರಿಕಾ ಲೀಗ್, ಚಿಕ್ಕದಾಗಿ ಬಿಎಎಲ್, ಇದರ ಮೊದಲ ಸೀಸನ್. ಎನ್‌ಬಿಎ ಮತ್ತು ವಿಶ್ವ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ ಸೇರಿ 2019ರಲ್ಲಿ ಘೋಷಿಸಿದ ಲೀಗು. 2020ರಲ್ಲಿ ಶುರುವಾಗಬೇಕಿತ್ತು, ಕೊರೋನಾದಿಂದ ಮುಂದಕ್ಕೆ ಹೋಯಿತು. ಕೊನೆಗೆ 2021ರ ಮೇ 16ರಂದು ಕಿಗಾಲಿಯಲ್ಲಿ ಆರಂಭ. ಹನ್ನೆರಡು ದೇಶಗಳ ಹನ್ನೆರಡು ಕ್ಲಬ್ಬು. ಅದಕ್ಕೆ ಎರಡೇ ದಿನ ಮೊದಲು ಕೋಲ್‌ನ ಹೊಸ ಆಲ್ಬಂ ಬಂದಿತ್ತು. ಸುದ್ದಿಗೆ ಬೇಕಾದ್ದೆಲ್ಲ ಅಲ್ಲೇ ಇತ್ತು.

ಕೋಲ್ ರುವಾಂಡಾದ ಪೇಟ್ರಿಯಟ್ಸ್ ಕ್ಲಬ್ಬಿಗೆ ಮೂರು ಪಂದ್ಯ ಆಡಿದ. ಒಟ್ಟು ಸುಮಾರು 45 ನಿಮಿಷ. ಐದು ಪಾಯಿಂಟು, ಐದು ರೀಬೌಂಡು, ಮೂರು ಅಸಿಸ್ಟು. ಆಮೇಲೆ ಮನೆ ಕಡೆ ಕೆಲಸ ಅಂತ ವಾಪಸ್ ಹೋದ. ಮೊರೊಕ್ಕೊದ ಎಎಸ್ ಸಾಲೆ ಕ್ಲಬ್ಬಿಗೆ ಆಡುತ್ತಿದ್ದ ಟೆರೆಲ್ ಸ್ಟಾಗ್ಲಿನ್ ಎಂಬ ಅಮೆರಿಕದ ಆಟಗಾರ ಮಾತ್ರ ಇದನ್ನು ಬಾಯಿಬಿಟ್ಟು ಟೀಕಿಸಿದ. ದುಡ್ಡೂ ಹೆಸರೂ ಇರುವವನು ಬಂದು ಯಾರದ್ದೋ ಕೆಲಸ ಕಿತ್ತುಕೊಂಡ, ಇದು ಆಟಕ್ಕೆ ಅಗೌರವ ಅನ್ನೋದು ಆತನ ವಾದ. ಈ ಸ್ಟಾಗ್ಲಿನ್ ಯಾರು ಅಂದರೆ, ಕಾಲೇಜಿನಲ್ಲಿ ಮೇರಿಲ್ಯಾಂಡ್ ತಂಡಕ್ಕೆ ಆಡುತ್ತಾ 2012ರಲ್ಲಿ ತನ್ನ ಕಾನ್ಫರೆನ್ಸಿನಲ್ಲೇ ಅತಿ ಹೆಚ್ಚು ಸರಾಸರಿ ಗಳಿಸಿದವನು. ಆದರೂ ಎನ್‌ಬಿಎ ಡ್ರಾಫ್ಟಿನಲ್ಲಿ ಯಾರೂ ಆರಿಸಲಿಲ್ಲ. ದೇಶ ದೇಶ ಸುತ್ತಿ ಮೊರೊಕ್ಕೊಗೆ ಬಂದವನು. ಬಿಎಎಲ್‌ನ ಆ ಮೊದಲ ಸೀಸನ್ನಿನಲ್ಲಿ ಎಲ್ಲರಿಗಿಂತ ಹೆಚ್ಚು ಸ್ಕೋರ್ ಮಾಡಿದವನು ಆತನೇ.

ನನಗೆ ಆತನ ಮಾತು ಸರಿ ಅನ್ನಿಸಿತು. ಲೀಗಿನ ಆಗಿನ ನಿಯಮದಂತೆ ಒಂದು ತಂಡದಲ್ಲಿ ನಾಲ್ಕೇ ಜನ ವಿದೇಶಿಯರು ಇರಬಹುದಿತ್ತು, ಅದರಲ್ಲಿ ಆಫ್ರಿಕಾದ ಹೊರಗಿನವರು ಇಬ್ಬರೇ. ಅಂದರೆ ಕೋಲ್ ಕೂತಿದ್ದು ಖಾಲಿ ಬೆಂಚಿನಲ್ಲಲ್ಲ, ಎರಡೇ ಸೀಟಿದ್ದ ಕಡೆ. ಆದರೆ ಸ್ಟಾಗ್ಲಿನ್ ಹೇಳಿದ್ದರಲ್ಲೂ ಅರ್ಧ ಬಿಟ್ಟುಹೋಗಿದೆ. ಕೋಲ್ ಕಿತ್ತುಕೊಂಡದ್ದು ಸ್ಟಾಗ್ಲಿನ್‌ನಂಥ ಇನ್ನೊಬ್ಬ ಅಮೆರಿಕದವನ ಕೆಲಸವನ್ನು. ಕ್ಯಾಮೆರಾ, ಪೇಪರು, ನನ್ನಂಥವರ ರಾತ್ರಿಯ ನಿದ್ದೆಗೆಟ್ಟ ಗಮನ, ಇವನ್ನೆಲ್ಲ ಕಿತ್ತುಕೊಂಡದ್ದು ಬೇರೆಯವರಿಂದ. ಆ ಬೇರೆಯವರು ಯಾರು ಅಂತ ನನಗೆ ಗೊತ್ತಾಗಿದ್ದು ಕೋಲ್ ಹೋದ ಮೇಲೂ ನಾನು ನೋಡೋದು ಬಿಡದೆ ಇದ್ದಿದ್ದರಿಂದ.

ಪೇಟ್ರಿಯಟ್ಸ್ ಸೆಮಿಫೈನಲ್ ಸೋತು ಮೂರನೇ ಸ್ಥಾನಕ್ಕೆ ಅಂಗೋಲಾದ ಪೆಟ್ರೋ ದೆ ಲುವಾಂಡಾ ಎದುರು ಆಡಿ 97-68ರಲ್ಲಿ ಸೋತರು. ಆ ಪೆಟ್ರೋ ತಂಡದಲ್ಲಿ 35 ವರ್ಷದ ಮೊರಾಯ್ಸ್ ಇದ್ದ. ಯಾರಪ್ಪಾ ಇದು ಅಂತ ಹುಡುಕಿದೆ. ಸಿಕ್ಕಿದ್ದು ಮೇಲೆ ಹೇಳಿದ ಆ ರಾಪ್ಟರ್ಸ್ ಕಥೆ. "ಓ, ಎನ್‌ಬಿಎಗೆ ಸೆಲೆಕ್ಟ್ ಆಗದೆ ಬಂದವನು" ಅಂತ ನಾನೂ ಟ್ಯಾಬ್ ಮುಚ್ಚಿಬಿಟ್ಟಿದ್ದೆ.

ಆ ಟ್ಯಾಬನ್ನು ಮತ್ತೆ ತೆರೆಸಿದ್ದು ನಮ್ಮ ದೊಡ್ಡಪ್ಪ, ಅವರಿಗೆ ಗೊತ್ತಿಲ್ಲದೆಯೇ. ಅದೇ ವಾರ ಹಟ್ಟಿ ಮುಂದೆ ಕೂತು ಎಲೆಅಡಿಕೆ ಹಾಕ್ಕೊಳ್ತಾ ಕೇಳಿದರು: "ಏನ್ ಮಗಾ, ನಿಮ್ ಕಂಪ್ನಿಯೋರು ಇನ್ನೂ ನಿನ್ನ ಅಮೇರಿಕಾಕ್ಕೆ ಕಳಿಸ್ಲಿಲ್ವಾ?" ನಾನು ಕೆಲಸಕ್ಕೆ ಸೇರಿದಾಗಿನಿಂದ ಹಬ್ಬಕ್ಕೆ ಹೋದಾಗಲೆಲ್ಲ ಕೇಳುವ ಪ್ರಶ್ನೆ. ಒಮ್ಮೆ ಎಲ್ಲಾ ತಯಾರಾಗಿ, ಅಮ್ಮ ಚಟ್ನಿಪುಡಿ ಕಟ್ಟಿಟ್ಟ ಮೇಲೆ, ಪ್ರಾಜೆಕ್ಟು ರದ್ದಾಗಿ ಆನ್‌ಸೈಟ್ ತಪ್ಪಿತ್ತು. ಊರಿನ ಲೆಕ್ಕದಲ್ಲಿ ನಾನು ಅಂದಿನಿಂದ ಅಲ್ಲೇ ನಿಂತಿದ್ದೀನಿ. ಆಮೇಲೆ ಕಟ್ಟಿದ ಸಿಸ್ಟಮ್ಮು, ಬೆಳೆಸಿದ ಟೀಮು, ಯಾವುದೂ ಆ ಲೆಕ್ಕಕ್ಕೆ ಸೇರುವುದಿಲ್ಲ. ದೊಡ್ಡಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಅವರ ಹತ್ತಿರ ಇರುವ ಅಳತೆಗೋಲು ಅದೊಂದೇ. ಆದರೆ ಮೊರಾಯ್ಸ್‌ನನ್ನು ನಾನು ಅಳೆದದ್ದೂ ಅದೇ ಕೋಲಿನಲ್ಲಿ ಅಲ್ವಾ? ನನ್ನ ಹತ್ತಿರ ಇಂಟರ್ನೆಟ್ಟೂ ಇತ್ತು!

ಹಾಗಾಗಿ ಸರಿಯಾಗಿ ಓದಲು ಕೂತೆ. ಮೊರಾಯ್ಸ್‌ಗಿಂತ ಮೊದಲು ಅಂಗೋಲಾವನ್ನು ಓದಬೇಕಾಯಿತು.

ಅಂಗೋಲಾ 1975ರಲ್ಲಿ ಪೋರ್ಚುಗಲ್ಲಿನಿಂದ ಸ್ವತಂತ್ರವಾಯಿತು. ಅದೇ ವರ್ಷ ಶುರುವಾದ ಅಂತರ್ಯುದ್ಧ ಮುಗಿದದ್ದು 2002ರಲ್ಲಿ. ಈ ಇಪ್ಪತ್ತೇಳು ವರ್ಷದ ಯುದ್ಧದ ನಡುವೆಯೇ ಆ ದೇಶ ಖಂಡದ ಬಾಸ್ಕೆಟ್‌ಬಾಲ್ ದೊರೆಯಾಯಿತು ಅನ್ನೋದು ನಂಬಲಿಕ್ಕೆ ಕಷ್ಟ. 1989ರಲ್ಲಿ ತನ್ನದೇ ರಾಜಧಾನಿ ಲುವಾಂಡಾದಲ್ಲಿ ಮೊದಲ ಆಫ್ರೋಬಾಸ್ಕೆಟ್ ಗೆದ್ದಿತು. ಅಲ್ಲಿಂದ 2013ರವರೆಗೆ ಒಟ್ಟು ಹನ್ನೊಂದು ಸಲ. ಬೇರೆ ಯಾವ ದೇಶವೂ ಹತ್ತಿರ ಬರಲಿಲ್ಲ.

ಹೊರಗಿನವರಿಗೆ ಗೊತ್ತಿರುವ ಅಂಗೋಲಾ ಮಾತ್ರ ಬೇರೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್, ಜೋರ್ಡನ್, ಮ್ಯಾಜಿಕ್, ಬರ್ಡ್ ಇದ್ದ ಅಮೆರಿಕದ ಡ್ರೀಮ್ ಟೀಮ್, ಅವರ ಮೊದಲ ಪಂದ್ಯ. ಅಮೆರಿಕ 116, ಅಂಗೋಲಾ 48. ಆ ಪಂದ್ಯದಲ್ಲಿ ಚಾರ್ಲ್ಸ್ ಬಾರ್ಕ್ಲಿ ಅಂಗೋಲಾದ ಎರ್ಲಾಂಡರ್ ಕೊಯಿಂಬ್ರಾಗೆ ಮೊಣಕೈಯಲ್ಲಿ ತಿವಿದದ್ದು ಇವತ್ತಿಗೂ ಡಾಕ್ಯುಮೆಂಟರಿಗಳಲ್ಲಿ ಬರುತ್ತದೆ. ಅಂಗೋಲಾ ಅಲ್ಲಿ ಒಂದು ಜೋಕಿನ ಪಾತ್ರ. ಆದರೆ ಅದೇ ಒಲಿಂಪಿಕ್ಸ್‌ನಲ್ಲಿ, ಅದೇ ಅಂಗೋಲಾ ತಂಡ ಆತಿಥೇಯ ಸ್ಪೇನನ್ನು 83-63ರಲ್ಲಿ ಸೋಲಿಸಿತು. ಇಪ್ಪತ್ತು ಪಾಯಿಂಟು ಅಂತರ! ಸ್ಪೇನಿನವರು ಆ ಸೋಲಿಗೆ 'ಅಂಗೋಲಾಸೋ' ಅಂತ ಹೆಸರೇ ಇಟ್ಟುಕೊಂಡಿದ್ದಾರೆ. ಡಾಕ್ಯುಮೆಂಟರಿ ಮಾಡುವವರಿಗೆ ಮಾತ್ರ ಅದು ಬೇಕಾಗಿಲ್ಲ.

2006ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಇದೇ ದೇಶವನ್ನು ಸೋಲಿಸಲು ಜರ್ಮನಿಗೆ ಮೂರು ಓವರ್‌ಟೈಮ್ ಬೇಕಾದವು, ಡರ್ಕ್ ನೊವಿಟ್ಸ್ಕಿಯ 47 ಪಾಯಿಂಟು ಬೇಕಾದವು. 2010ರಲ್ಲಿ ಟರ್ಕಿಯಲ್ಲಿ ಮತ್ತೆ ಅದೇ ಎರಡು ದೇಶ. ಈ ಸಲ ನೊವಿಟ್ಸ್ಕಿ ಬಂದಿರಲಿಲ್ಲ. ಅಂಗೋಲಾ ಓವರ್‌ಟೈಮ್‌ನಲ್ಲಿ 92-88ಕ್ಕೆ ಗೆದ್ದಿತು. ಮೊರಾಯ್ಸ್ ಆ ತಂಡದಲ್ಲಿದ್ದ.

ಈಗ ಮುಖ್ಯ ಪ್ರಶ್ನೆ: ಹೇಗೆ? ಏಳಡಿ ಎತ್ತರದ ಆಟಗಾರರು ಇರಲಿಲ್ಲ. ಎನ್‌ಬಿಎ ಸೀಸನ್ ಆಡಿದ ಒಬ್ಬನೂ ಇರಲಿಲ್ಲ. ಅಂಗೋಲಾದವನೊಬ್ಬ ಎನ್‌ಬಿಎ ಡ್ರಾಫ್ಟಿನಲ್ಲಿ ಆಯ್ಕೆಯಾದದ್ದೇ 2019ರಲ್ಲಿ, ಬ್ರೂನೋ ಫರ್ನಾಂಡೋ. ಪಕ್ಕದಲ್ಲಿ ನೈಜೀರಿಯಾವನ್ನು ಇಟ್ಟು ನೋಡಿ. ಹಕೀಂ ಒಲಾಜುವಾನ್‌ನಂಥ ದೈತ್ಯ ಹುಟ್ಟಿದ್ದು ಅಲ್ಲಿ. ಹದಿಹರೆಯದಲ್ಲೇ ಹ್ಯೂಸ್ಟನ್‌ಗೆ ಹೋದ, ಎನ್‌ಬಿಎಯ ಸಾರ್ವಕಾಲಿಕ ಶ್ರೇಷ್ಠರಲ್ಲಿ ಒಬ್ಬನಾದ, 1996ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರ ಆಡಿ ಚಿನ್ನ ಗೆದ್ದ. ಆ ನೈಜೀರಿಯಾ ಮೊದಲ ಆಫ್ರೋಬಾಸ್ಕೆಟ್ ಗೆದ್ದದ್ದು 2015ರಲ್ಲಿ. ಅಷ್ಟು ಹೊತ್ತಿಗೆ ಒಲಾಜುವಾನ್ ಇಲ್ಲದ ಅಂಗೋಲಾದ ಕಪಾಟಿನಲ್ಲಿ ಹನ್ನೊಂದು ಕಪ್ಪು ಇದ್ದವು.

ನನಗೆ ಕಂಡ ಉತ್ತರ ಇದು. ಅಂಗೋಲಾದ ಆಟಗಾರರು ಊರಲ್ಲೇ ಉಳಿದರು. ಉಳಿಯಲು ಒಂದು ವ್ಯವಸ್ಥೆ ಇತ್ತು. ಅಲ್ಲಿನ ದೊಡ್ಡ ಕ್ಲಬ್ಬುಗಳ ಹೆಸರು ನೋಡಿದರೆ ಗೊತ್ತಾಗುತ್ತದೆ. ಪ್ರಿಮೇರೋ ದೆ ಅಗೋಸ್ತೋ, ಅಂದರೆ 'ಆಗಸ್ಟ್ ಒಂದು', ಸೇನೆಯ ಕ್ಲಬ್ಬು. ಪೆಟ್ರೋ ದೆ ಲುವಾಂಡಾ, ಹೆಸರೇ ಹೇಳುವಂತೆ ಪೆಟ್ರೋಲಿಯಂನದು, ಸರ್ಕಾರಿ ತೈಲ ಕಂಪನಿ ಸೊನಾಂಗೋಲ್ ಬೆನ್ನಿಗಿರುವ ಕ್ಲಬ್ಬು. ಸೇನೆಯ ದುಡ್ಡು, ಎಣ್ಣೆಯ ದುಡ್ಡು. ಇದರಿಂದ ಒಬ್ಬ ಹುಡುಗ ಬಾಸ್ಕೆಟ್‌ಬಾಲ್ ಆಡಿಕೊಂಡೇ ಲುವಾಂಡಾದಲ್ಲಿ ಸಂಸಾರ ಮಾಡಬಹುದಿತ್ತು. ವರ್ಷವಿಡೀ ಒಬ್ಬರ ವಿರುದ್ಧ ಒಬ್ಬರು ಆಡಿ, ಟೂರ್ನಿ ಬಂದಾಗ ಅದೇ ಜನ ಒಂದೇ ಜೆರ್ಸಿ ಹಾಕುತ್ತಿದ್ದರು. ಬೇರೆ ದೇಶಗಳ ತಂಡಗಳು ಟೂರ್ನಿಗೆ ಹದಿನೈದು ದಿನ ಮುಂಚೆ ವಿಮಾನ ನಿಲ್ದಾಣದಲ್ಲಿ ಪರಿಚಯ ಮಾಡಿಕೊಳ್ಳುವ ಹೊತ್ತಿಗೆ ಇವರಿಗೆ ಯಾರು ಯಾವ ಮೂಲೆಯಿಂದ ಶೂಟ್ ಮಾಡ್ತಾನೆ ಅಂತ ಕಣ್ಣು ಮುಚ್ಚಿದರೂ ಗೊತ್ತು. ಎತ್ತರ ಕಡಿಮೆ ಇದ್ದುದಕ್ಕೆ ವೇಗ, ಒತ್ತಿ ಹಿಡಿಯುವ ಡಿಫೆನ್ಸು, ದೂರದ ಶಾಟು.

ಯಾರೂ ಹೊರಗೆ ಹೋಗಲೇ ಇಲ್ಲ ಅಂತಲ್ಲ. ಅವರ ಮಹಾನ್ ಆಟಗಾರ ಜಾನ್-ಜಾಕ್ ಕಾನ್ಸೆಸಾವ್ ಪೋರ್ಚುಗಲ್, ಸ್ಪೇನ್, ಫ್ರಾನ್ಸ್‌ಗಳಲ್ಲಿ ಆಡಿದ. ಕಿಕಾಸ್ ಗೋಮೆಸ್ ಅಮೆರಿಕದ ಕಾಲೇಜಿನಲ್ಲಿ ಆಡಿ ವಾಪಸ್ ಬಂದ. ಮೊರಾಯ್ಸ್ ಕೂಡ ಲಿಸ್ಬನ್ನಿನ ಬೆನ್ಫಿಕಾಕ್ಕೆ ಸ್ವಲ್ಪ ಕಾಲ ಆಡಿದ. ಆದರೆ ವಾಪಸ್ ಬಂದರೆ ಸೇರಿಕೊಳ್ಳಲು ಒಂದು ಲೀಗು ಇತ್ತು. ಆ ಲೀಗಿಗೆ ಬೆಲೆ ಇತ್ತು.

ಈಗ ಮೊರಾಯ್ಸ್‌ನ ಕರಿಯರ್ ಮತ್ತೆ ಓದಿ. ಆತ ಎನ್‌ಬಿಎಗೆ ಹೋಗಲಾಗದೆ ಅಂಗೋಲಾದಲ್ಲಿ ಉಳಿದವನು ಅನ್ನೋದು ಒಂದು ವಾಕ್ಯ. ಎನ್‌ಬಿಎಗೆ ಯಾರನ್ನೂ ಕಳಿಸದೆ ಖಂಡವನ್ನು ಗೆದ್ದ ಒಂದು ಪದ್ಧತಿಯ ಕೊನೆಯ ದೊಡ್ಡ ಆಟಗಾರ ಅನ್ನೋದು ಇನ್ನೊಂದು ವಾಕ್ಯ. ಎರಡರಲ್ಲೂ ಸುಳ್ಳಿಲ್ಲ. ಆದರೆ ಮೊದಲನೆಯದನ್ನು ಓದಿದರೆ 2013ರ ಅಕ್ಟೋಬರ್ ಮಾತ್ರ ಅರ್ಥವಾಗುತ್ತದೆ, ಎರಡನೆಯದನ್ನು ಓದಿದರೆ ಉಳಿದ ವರ್ಷಗಳೆಲ್ಲ ಅರ್ಥವಾಗುತ್ತವೆ. ಒಳ್ಳೆಯ ಓದು ಯಾವುದು ಅಂತ ತೀರ್ಮಾನಿಸಲು ನನಗೆ ಇಷ್ಟು ಸಾಕು.

ಇದಕ್ಕೆ ಎದುರು ಮಾತೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಎನ್‌ಬಿಎ ಜಗತ್ತಿನ ಅತ್ಯುತ್ತಮ ಲೀಗು, ಅದರಲ್ಲಿ ವಾದವಿಲ್ಲ. ರಾಪ್ಟರ್ಸ್‌ನಲ್ಲಿ ಆಗ ಆಟಗಾರರನ್ನು ಆರಿಸುತ್ತಿದ್ದವನು ಮಸಾಯ್ ಉಜಿರಿ, ನೈಜೀರಿಯಾದಲ್ಲಿ ಬೆಳೆದವನು, ಆಫ್ರಿಕಾದ ಆಟಗಾರರನ್ನು ಅಸಡ್ಡೆ ಮಾಡುವ ಜನವಲ್ಲ. ಆತನ ತಂಡವೇ ಮೊರಾಯ್ಸ್ ಸಾಲದು ಅಂದುಕೊಂಡಿದ್ದರೆ ಬಹುಶಃ ಸಾಲದು. ಅಷ್ಟೇ ಅಲ್ಲ, ಎಣ್ಣೆಯ ದುಡ್ಡಿನ ಮೇಲೆ ನಿಂತ ವ್ಯವಸ್ಥೆಯನ್ನು ಆದರ್ಶ ಅಂತ ಹಾಡಿ ಹೊಗಳುವುದೂ ಕಷ್ಟ. ಆ ದುಡ್ಡು ಆಸ್ಪತ್ರೆ, ಶಾಲೆಗೆ ಹೋಗಬಹುದಿತ್ತಲ್ವಾ ಅಂತ ಲುವಾಂಡಾದ ಬಡ ಓಣಿಯವನು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. 2013ರ ಆ ಹನ್ನೊಂದನೇ ಕಪ್ಪಿನ ನಂತರ ಹನ್ನೆರಡು ವರ್ಷ ಅಂಗೋಲಾ ಮತ್ತೆ ಗೆಲ್ಲಲಿಲ್ಲ ಅನ್ನೋದೂ ನಿಜ. ಬೇರೆ ದೇಶಗಳು ಅಮೆರಿಕ, ಯುರೋಪಿನಲ್ಲಿ ಬೆಳೆದ ತಮ್ಮ ಮಕ್ಕಳನ್ನು ಕರೆತಂದು ಗೆಲ್ಲಲು ಕಲಿತವು.

ನನ್ನ ತಕರಾರು ಎನ್‌ಬಿಎ ದೊಡ್ಡದು ಅನ್ನುವುದರ ಮೇಲಲ್ಲ, ಅದೊಂದೇ ಕೋಲಿನಲ್ಲಿ ಎಲ್ಲವನ್ನೂ ಅಳೆಯುವುದರ ಮೇಲೆ. ಈ ತಕರಾರು ಬಿಎಎಲ್ ಲೀಗಿಗೂ ತಾಗುತ್ತದೆ. ಅದು ಎನ್‌ಬಿಎಯದೇ ಕೂಸು. ಅಲ್ಲಿನ ಕೋರ್ಟು, ಕ್ಯಾಮೆರಾ, ನಿರೂಪಣೆ ಎಲ್ಲಾ ಅಚ್ಚುಕಟ್ಟು. ಅದು ಇಲ್ಲದಿದ್ದರೆ ತಾರಸಿ ಮೇಲೆ ಕೂತ ನನಗೆ ಮೊರಾಯ್ಸ್ ಕಾಣುತ್ತಿರಲಿಲ್ಲ, ಆ ಋಣ ಇದೆ. ಆದರೆ ಲೀಗಿನ ಮೊದಲ ಎರಡು ವರ್ಷದ ಅತ್ಯುತ್ತಮ ಆಟಗಾರರು ಯಾರು ಅಂದರೆ ಪೋರ್ಟೊ ರಿಕೋದ ವಾಲ್ಟರ್ ಹಾಜ್, ಅಮೆರಿಕದ ಮೈಕೆಲ್ ಡಿಕ್ಸನ್. ಇಬ್ಬರೂ ಚೆನ್ನಾಗಿಯೇ ಆಡಿದರು, ತಪ್ಪು ಅವರದಲ್ಲ. ಹೆಚ್ಚು ಪ್ರಚಾರ ಸಿಕ್ಕಿದ್ದು ಐದು ಪಾಯಿಂಟಿನ ರ‍್ಯಾಪರ್‌ಗೆ. ಎನ್‌ಬಿಎ ಅಕಾಡೆಮಿಯ ಹುಡುಗರನ್ನು ಒಂದೊಂದು ತಂಡಕ್ಕೆ ಒಬ್ಬರಂತೆ ಹಂಚುವ 'ಎಲಿವೇಟ್' ಎಂಬ ಯೋಜನೆ 2022ರಿಂದ ಇದೆ. ಹಾಗೆ ಆಡಿದ ದಕ್ಷಿಣ ಸುಡಾನಿನ ಖಮಾನ್ ಮಲುವಾಚ್ 2025ರ ಡ್ರಾಫ್ಟಿನಲ್ಲಿ ಹತ್ತನೆಯವನಾಗಿ ಆಯ್ಕೆಯಾದ. ಸಂತೋಷದ ವಿಷಯವೇ. ಆದರೆ ಆ ಹೆಸರನ್ನೇ ನೋಡಿ: 'ಮೇಲಕ್ಕೆತ್ತುವುದು'. ಹಾಗಾದರೆ ಆ ಹುಡುಗನ ಪಕ್ಕ ನಿಂತು ಪಾಸ್ ಕೊಟ್ಟ, ಮೇಲಕ್ಕೆ ಹೋಗದ, ಅಲ್ಲೇ ಮುಂದಿನ ವರ್ಷವೂ ಆಡುವ ಹನ್ನೊಂದು ಜನ ಯಾರು? ಅವರು ಬರೀ ಏಣಿನಾ?

ಲೀಗು ನಡೆಯುವುದು ವರ್ಷದಲ್ಲಿ ಕೆಲವೇ ತಿಂಗಳು. ಉಳಿದ ಕಾಲ ಆ ಆಟಗಾರರು ಲುವಾಂಡಾ, ಡಾಕರ್, ಕಂಪಾಲಾ, ಕೈರೋದ ಸ್ಥಳೀಯ ಲೀಗುಗಳಲ್ಲಿ ಆಡುತ್ತಾರೆ. ಅವುಗಳ ವಿಡಿಯೋ ಹುಡುಕಿದರೆ ಯಾರೋ ಗ್ಯಾಲರಿಯಿಂದ ಮೊಬೈಲಿನಲ್ಲಿ ಹಿಡಿದದ್ದು ಸಿಗುತ್ತದೆ. ಆಫ್ರಿಕಾದ ಆಟಗಾರನ ಕರಿಯರ್ ನಿಜವಾಗಿ ನಡೆಯುವುದು ಅಲ್ಲಿ, ಕ್ಯಾಮೆರಾ ಇಲ್ಲದ ಕಡೆ. ವಿಮರ್ಶೆ ಮಾಡುವವರಾದರೂ ಅಲ್ಲಿಗೆ ಹೋಗಬೇಕಲ್ವಾ?

ಮೊರಾಯ್ಸ್ ಕಥೆ ಮುಗಿದದ್ದು 2013ರಲ್ಲಿ ಅಲ್ಲ ಅಂತ ಹೇಳಿದೆನಲ್ಲ, ಕೊನೆಯ ಭಾಗ ಹೇಳಿಬಿಡ್ತೀನಿ. ಬಿಎಎಲ್‌ನಲ್ಲಿ ಪೆಟ್ರೋ 2021ರಲ್ಲಿ ಮೂರನೇ ಸ್ಥಾನ. 2022ರಲ್ಲಿ ಫೈನಲ್, ಟುನೀಸಿಯಾದ ಮೊನಾಸ್ಟಿರ್ ಎದುರು 83-72ಕ್ಕೆ ಸೋಲು. 2023ರಲ್ಲಿ ನಾಲ್ಕನೇ ಸ್ಥಾನ. ಮೊದಲ ಮೂರೂ ಕಪ್ಪು ಈಜಿಪ್ಟ್, ಟುನೀಸಿಯಾದ ಕ್ಲಬ್ಬುಗಳಿಗೆ, ಅಂದರೆ ಉತ್ತರದ ಅರಬ್ ದೇಶಗಳಿಗೆ ಹೋದವು. ಸಹಾರಾದ ಕೆಳಗಿನ ಕ್ಲಬ್ಬು ಗೆಲ್ಲೋದಕ್ಕೇ ಆಗಲ್ಲವೇನೋ ಅನ್ನಿಸುತ್ತಿತ್ತು. 2024ರ ಜೂನ್ 1, ಕಿಗಾಲಿಯಲ್ಲಿ ಪೆಟ್ರೋ ಲಿಬಿಯಾದ ಅಲ್ ಅಹ್ಲಿಯನ್ನು 107-94ರಲ್ಲಿ ಸೋಲಿಸಿ ಕಪ್ಪು ಎತ್ತಿತು. ಸಹಾರಾ ಕೆಳಗಿನ ಮೊದಲ ಚಾಂಪಿಯನ್. ಮೊರಾಯ್ಸ್‌ಗೆ ಆಗ 38. ರಾಪ್ಟರ್ಸ್ ಕೈಬಿಟ್ಟು ಹತ್ತೂವರೆ ವರ್ಷ ಆಗಿತ್ತು.

ಮರುವರ್ಷ, 2025ರ ಆಗಸ್ಟಿನಲ್ಲಿ, ಆಫ್ರೋಬಾಸ್ಕೆಟ್ ಮತ್ತೆ ಅಂಗೋಲಾದಲ್ಲಿ ನಡೆದು ಅಂಗೋಲಾ ಹನ್ನೆರಡನೇ ಕಪ್ಪು ಗೆದ್ದಿತು. ಟೂರ್ನಿಯ ಅತ್ಯುತ್ತಮ ಆಟಗಾರ ಶಿಲ್ಡೆ ದುಂದಾವ್. ಐದೂಮುಕ್ಕಾಲು ಅಡಿ ದಾಟದ ಗಾರ್ಡು, ಪೆಟ್ರೋದಲ್ಲಿ ಮೊರಾಯ್ಸ್ ಜತೆ ಆಡಿದವನು. ಇಷ್ಟು ಕುಳ್ಳಗಿನ ಆಟಗಾರನನ್ನು ಎನ್‌ಬಿಎ ಕಣ್ಣೆತ್ತಿ ನೋಡುವುದೂ ಅಪರೂಪ. ಆದರೆ ಲುವಾಂಡಾದ ಹುಡುಗನೊಬ್ಬ ಆ ರಾತ್ರಿ ಸ್ಟೇಡಿಯಮ್ಮಿನಿಂದ ಮನೆಗೆ ಹೋಗುವಾಗ ಯಾರಂತೆ ಆಗಬೇಕು ಅಂದುಕೊಂಡಿರುತ್ತಾನೆ?

ಆ ವರ್ಷ ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದಾಗ ದೊಡ್ಡಪ್ಪ ಮತ್ತೆ ಅದೇ ಪ್ರಶ್ನೆ ಕೇಳಿದರು. ನಾನು ಅವರಿಗೆ ಅಂಗೋಲಾದ ಕಥೆಯೇನೂ ಹೇಳಲಿಲ್ಲ, ಹೇಳಿದ್ದರೆ ಅವರು ನಕ್ಕುಬಿಡ್ತಿದ್ದರು. "ಇಲ್ಲ ದೊಡ್ಡಪ್ಪ, ಇಲ್ಲೇ ಇದ್ದೀನಿ, ಕೆಲಸ ಜಾಸ್ತಿ ಇದೆ" ಅಂದೆ. ಈ ಸಲ ಹಾಗೆ ಹೇಳುವಾಗ ದನಿ ಕುಗ್ಗಲಿಲ್ಲ, ಅಷ್ಟೇ ವ್ಯತ್ಯಾಸ.

ಮುಂದಿನ ಸೀಸನ್ ಶುರುವಾದಾಗ ಒಂದು ರಾತ್ರಿ ಬಿಡುವು ಮಾಡಿಕೊಂಡು ಒಂದು ಪಂದ್ಯ ನೋಡಿ. ಯಾವ ಆಟಗಾರ ಎನ್‌ಬಿಎಗೆ ಹೋಗಬಹುದು ಅಂತ ಲೆಕ್ಕ ಹಾಕಬೇಡಿ. ಆ ಅಂಕಣದಲ್ಲಿ, ಆ ನಲವತ್ತು ನಿಮಿಷದಲ್ಲಿ, ಯಾರು ಯಾರನ್ನು ಗೆಲ್ಲಿಸುತ್ತಿದ್ದಾರೆ ಅಂತ ಮಾತ್ರ ನೋಡಿ.